ಗೋಮತಿ ಚೇಚಿ ಅಂಟಿಸಿದ ಬೊಟ್ಟುಗಳು

ನಮ್ಮ ಹಿತ್ತಿಲ ಬೇಲಿಯಾಚೆ ಗೋಮತಿ ಚೇಚಿಯ ಮನೆ; ಇಲ್ಲಿ ಚೇಚಿ ಅಂದರೆ ಅಕ್ಕ. ಹುಡುಗಿಯಾಗಿದ್ದಾಗಿನಿಂದಲೂ ಕೊಲ್ಲಂನ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುತ್ತ ಬಂದವರು. ಕುಕ್ಕುರುಗಾಲಿನಲ್ಲಿ ಕೂತು, ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೇ ಪೆಟ್ಟು; ಬೇಳೆ ಇಡಿಯಾಗಿ ಹೊರಬರಬೇಕು. ಸಿಪ್ಪೆಯ ಎಣ್ಣೆ ಸುಟ್ಟು ಅವರ ಬೆರಳುಗಳು ಕಪ್ಪಾಗಿದ್ದವು. ನನ್ನ ಮಗಳನ್ನು ಎತ್ತಿಕೊಳ್ಳುವಾಗ ತಾವಾಗಿಯೇ ಅಂಗೈ ಮಡಚಿ, ಮಣಿಕಟ್ಟಿನಲ್ಲಿ ಎತ್ತುತ್ತಿದ್ದರು. ಆದರೂ ಆಮೇಲೆ ನಾನು ಮಗುವಿನ ಮೈ ಒರೆಸುತ್ತಿದ್ದೆ. ನನಗೆ ಎಲ್ಲದಕ್ಕೂ ಭಯ.

ಚೇಚಿಯ ಗಂಡ ಸುಕುಮಾರನ್ ತೆಂಗಿನ ಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದವರು. ಅವರ ಔಷಧಿ, ಮೂತ್ರದ ಕೊಳವೆ, ಆಸ್ಪತ್ರೆ ಎಲ್ಲ ನಡೆಯುತ್ತಿದ್ದುದು ಚೇಚಿಯ ಕಾರ್ಮಿಕ ವಿಮೆಯ ಇಎಸ್‌ಐ ಕಾರ್ಡಿನ ಮೇಲೆ. ಚೇಚಿಗೆ ಕೆಲಸವಿದ್ದರೆ ಕಾರ್ಡು, ಕಾರ್ಡಿದ್ದರೆ ಔಷಧಿ. ಅದಕ್ಕೇ ಮಂಡಿನೋವಿನ ಬಗ್ಗೆ ಅವರು ಕಾರ್ಖಾನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ನೋವು ಅಂದವರನ್ನು ಮೇಸ್ತ್ರಿ ನಾಲ್ಕು ದಿನ ಸುಧಾರಿಸಿಕೊಂಡು ಬಾ ಎಂದು ಕಳಿಸುತ್ತಿದ್ದ. ಹಾಗೆ ಹೋದವರ ಜಾಗದಲ್ಲಿ ಬೇರೆಯವರು ಕೂತಿರುತ್ತಿದ್ದರು.

ಇಂಜಿನಿಯರಿಂಗ್ ಕಾಲೇಜಿನ ನಿಮ್ಮಿ ಟೀಚರ್ ಓದಿದ್ದು ಎರ್ಗನಾಮಿಕ್ಸ್. ಕೆಲಸವನ್ನು ದುಡಿಯುವವರ ಮೈಗೆ ಒಗ್ಗಿಸುವ ವಿದ್ಯೆಯಂತೆ. ಬೀಜ ಒಡೆಯುವವರಿಗಾಗಿ ಕೂರಲು ಒಂದು ಮಣೆ ಮಾಡಿದ್ದಳು. ಕಾರ್ಖಾನೆಗೆ ಬಂದು ಹೆಂಗಸರನ್ನೆಲ್ಲ ಎಲ್ಲಿ ನೋವು ಎಂದು ಕೇಳಿದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಒಬ್ಬರಿಗೂ ಎಲ್ಲೂ ನೋವಿರಲಿಲ್ಲ.

ಸಂಜೆ ಚೇಚಿಯ ಮನೆಗೇ ಬಂದಳು. "ಹಿನ್ನೀರ ದಂಡೆ ಹೋಟೆಲಲ್ಲಿ ನಮ್ಮ ಸಮ್ಮೇಳನ ಇದೆ ಚೇಚೀ. ನೋವೇ ಇಲ್ಲದ ಮೇಲೆ ಮಣೆ ಯಾಕೆ ಅಂತಾರೆ. ನೀವೊಬ್ರು ಬಂದು ನಿಜ ಹೇಳಿ ಸಾಕು."

"ಮೇಸ್ತ್ರಿ ಬರ್ತಾನಾ?"

"ಅವನ್ಯಾಕೆ ಬರ್ತಾನೆ? ಎಲ್ಲ ಪ್ರೊಫೆಸರುಗಳು."

"ಹಂಗಾದ್ರೆ ಆಯ್ತು. ಅವರ್ಯಾರೂ ನನ್ನ ಕೆಲಸದಿಂದ ತೆಗೆಯೋಕಾಗಲ್ಲ."

ಜೊತೆಗೆ ನಾನೂ ಹೋದೆ. ಎಸಿಯ ಗಾಳಿಗೆ ಮಗುವಿಗೆ ಶೀತವಾದೀತೆಂದು ಅದರ ಕಿವಿ ಮುಚ್ಚಿ ಕೂತಿದ್ದೆ. ಚೇಚಿ ಕುರ್ಚಿಯಲ್ಲಿ ಅತ್ತಿತ್ತ ಸರಿದು, "ಬೆನ್ನುನೋವಿನ ಸಭೆಗೆ ಇಂಥ ಕುರ್ಚಿನಾ ಮೋಳೇ? ಇದರ ಮೇಲೆ ಕೂತೇ ಇವರಿಗೆ ನೋವು ಅಂದ್ರೇನು ಅಂತ ಗೊತ್ತಾಗಿರ್ಬೇಕು" ಎಂದರು. ಮೋಳ್ ಅಂದರೆ ಮಗಳು; ನನ್ನನ್ನವರು ಕರೆಯುತ್ತಿದ್ದುದೇ ಹಾಗೆ.

ವೇದಿಕೆಯಲ್ಲಿ ಹೆಂಗಸಿನ ಮೈಯ ದೊಡ್ಡ ಚಿತ್ರವಿತ್ತು. ನಿಮ್ಮಿ ಟೀಚರ್ ಚೇಚಿಯನ್ನು ಕರೆದು ಕೆಂಪು ಬೊಟ್ಟುಗಳ ಹಾಳೆ ಕೊಟ್ಟು, ನೋವಿರುವ ಕಡೆಯೆಲ್ಲ ಆ ಚಿತ್ರದ ಮೇಲೆ ಅಂಟಿಸಲು ಹೇಳಿದಳು. ಚೇಚಿ ನಾಚುತ್ತ ಎರಡು ಮಂಡಿಗೂ ಒಂದೊಂದು ಇಟ್ಟರು. ಆಮೇಲೆ ಸೊಂಟ, ಕುತ್ತಿಗೆ, ಭುಜ, ಮಣಿಕಟ್ಟು, ಹಿಮ್ಮಡಿ. ಕೈ ನಿಲ್ಲಲೇ ಇಲ್ಲ. ಹಾಳೆ ಬರಿದಾಯಿತು.

"ಇನ್ನೊಂದು ಹಾಳೆ ಇದ್ಯಾ ಟೀಚರೇ? ಬೆನ್ನು ಹಂಗೇ ಉಳೀತು."

ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ನೋವು ಹೇಳಿಕೊಂಡದ್ದಕ್ಕೆ ಅದುವರೆಗೆ ಯಾರೂ ಅವರಿಗೆ ಚಪ್ಪಾಳೆ ತಟ್ಟಿದ್ದಿಲ್ಲ. ಚೇಚಿಯ ಮುಖ ಅರಳಿತ್ತು.

ಅಷ್ಟರಲ್ಲಿ ಮೈಕಿನಲ್ಲಿ, ಈ ಅಧ್ಯಯನಕ್ಕೆ ಅವಕಾಶ ಕೊಟ್ಟ ಮಾಲೀಕರಿಗೆ ಶಾಲು ಹೊದಿಸುತ್ತೇವೆ ಎಂದರು. ಮೊದಲ ಸಾಲಿನಿಂದ ಕಾರ್ಖಾನೆಯ ರಾಜಶೇಖರನ್ ಪಿಳ್ಳೆ ಎದ್ದರು. ಚೇಚಿಯ ಕೈ ಸೆರಗಿನೊಳಗೆ ಸೇರಿತು.

"ನಾನೇ ಕರೆದದ್ದು. ಕಣ್ಣಾರೆ ಕಂಡ್ರೆ ಎಲ್ಲರಿಗೂ ಮಣೆ ತರಿಸ್ತಾರೆ," ನಿಮ್ಮಿ ಟೀಚರ್ ಖುಷಿಯಲ್ಲೇ ನನ್ನ ಕಿವಿಯಲ್ಲಿ ಹೇಳಿದಳು.

ಶಾಲು ಹೊದ್ದುಕೊಂಡೇ ಮಾಲೀಕರು ಚೇಚಿಯ ಬಳಿ ಬಂದರು. "ಇಷ್ಟು ನೋವಿಟ್ಕೊಂಡು ನನ್ನಲ್ಲಿ ಕೂರ್ತಿದ್ಯಾ ಗೋಮತೀ? ಮೊದಲೇ ಹೇಳಬಾರದಿತ್ತಾ?" ಆ ದನಿಯಲ್ಲಿ ನಿಜವಾದ ಕನಿಕರವೇ ಇತ್ತು. ನನಗೆ ಭಯವಾದದ್ದು ಅದಕ್ಕೆ.

ಸೋಮವಾರ ಕಾರ್ಖಾನೆಗೆ ಡಾಕ್ಟರು ಬಂದರು. ಎಲ್ಲ ಹೆಂಗಸರಿಗೂ ತಪಾಸಣೆ. ಮನಸ್ಸು ತಡೆಯದೆ ನಾನು ಮಗುವನ್ನೆತ್ತಿಕೊಂಡು ಗೇಟಿನ ಬಳಿ ನಿಂತಿದ್ದೆ. ತಪಾಸಣೆ ನಡೆದದ್ದು ಆಫೀಸಿನ ಜಗಲಿಯಲ್ಲಿ; ಅದು ಅಲ್ಲಿಂದ ಕಾಣುತ್ತದೆ, ಮಾತೂ ಕೇಳುತ್ತದೆ.

"ಬಂದ್ಲಮ್ಮ ನಾಟಕದ ರಾಣಿ!" ಎಂದಳು ಚೇಚಿಯ ಪಕ್ಕದಲ್ಲಿ ಕೂತು ಬೀಜ ಒಡೆಯುವ ಲತಿಕಾ. "ನೀನಿಟ್ಟ ಬೊಟ್ಟು ನಮ್ಮ ಹಣೆಗೂ ಅಂಟ್ತಲ್ಲೇ ಮಹಾತಾಯಿ."

ಕುಕ್ಕುರುಗಾಲಿನಲ್ಲಿ ಕೂತು, ಯಾವುದನ್ನೂ ಹಿಡಿಯದೆ ಏಳಬೇಕು. ಅಷ್ಟೇ ಪರೀಕ್ಷೆ. ಒಬ್ಬೊಬ್ಬರೇ ಹಲ್ಲು ಕಚ್ಚಿ ಕೂತೆದ್ದರು. ಚೇಚಿಯ ಸರದಿ ಬಂತು.

"ಅವತ್ತು ಟೀಚರು ಅಂಟಿಸು ಅಂದ್ರು, ಅಂಟಿಸ್ದೆ ಡಾಕ್ಟ್ರೇ. ನನಗೆ ಯಾವ ನೋವೂ ಇಲ್ಲ," ಎಂದು ನಗುತ್ತಲೇ ಕೂತರು. ಏಳಲು ಹೋದರು, ಆಗಲಿಲ್ಲ. ಮತ್ತೆ ಹೋದರು. ಕೈ ತಾನಾಗಿಯೇ ಲತಿಕಾ ಕೆಲಸಕ್ಕೆಂದು ಉಟ್ಟಿದ್ದ ಲುಂಗಿಯತ್ತ ಚಾಚಿತು. ಲತಿಕಾ ಕಣ್ಣು ಬೇರೆಡೆ ಮಾಡಿ ಹಿಂದೆ ಸರಿದಳು. ಅವಳ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ.

ಕೊನೆಗೆ ಡಾಕ್ಟರೇ ತೋಳು ಹಿಡಿದು ಎಬ್ಬಿಸಿದರು. "ಸಾಕು ಚೇಚಿ. ಇನ್ನು ಮನೇಲಿರಿ."

ನಿಮ್ಮಿ ಟೀಚರ್ ಓಡಿಬಂದು, ಚೇಚಿಯನ್ನು ಕೆಲಸದಿಂದ ತೆಗೆಯಬೇಡಿ ಎಂದು ಅತ್ತು ಕರೆದು ಕೇಳಿಕೊಂಡಳು. ಮಾಲೀಕರು ಕೂರಲು ಹೇಳಿ, ಚಹಾ ತರಿಸಿದರು. "ನಿಮ್ಮ ಸಭೆ ಹೇಳಿದ್ದನ್ನೇ ಮಾಡಿದೀನಲ್ಲ ಟೀಚರೇ. ನೋವಿರೋರನ್ನ ನೆಲದಲ್ಲಿ ಕೂರಿಸಬಾರದು ಅಂತ."

ಮಣೆಗಳು ಬರಲಿಲ್ಲ. ಕೂತು ಏಳಬಲ್ಲವರಿಗೆ ಮಣೆ ಯಾಕೆ?

ಆ ದಿನ ನಾನೂ ಚೇಚಿಯೂ ಅವರ ಮನೆ ಮುಟ್ಟಿದಾಗ ಸುಕುಮಾರನ್ ಕತ್ತೆತ್ತಿ ಕೇಳಿದರು. "ಏನಂದ್ರು ಡಾಕ್ಟ್ರು?"

"ಏನೂ ಇಲ್ಲ ಅಂದ್ರು," ಎಂದರು ಚೇಚಿ.

ಆಮೇಲೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ಓದಿದವಳು ನೀನು, ಹೇಳು ಮೋಳೇ. ಕೆಲಸ ಹೋದ ಮೇಲೆ ಕಾರ್ಡು ಎಲ್ಲೀವರೆಗೆ ನಡೀತದೆ?" ಎಂದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಮಳೆಗಾಲ ದಾಟುವುದು ಕಷ್ಟ ಎಂದೆ. ಚೇಚಿ ತಲೆಯಾಡಿಸಿದರು.

ಸುಕುಮಾರನ್ ಅವರ ಮಗ್ಗುಲು ಬದಲಿಸುವ ಹೊತ್ತಾಗಿತ್ತು. "ಆ ಕಡೆ ಸ್ವಲ್ಪ ಹಿಡೀತೀಯಾ?" ಎಂದರು ಚೇಚಿ. ಮಗುವನ್ನು ಚಾಪೆಯ ಮೇಲಿಟ್ಟು ಹೋಗಿ ಹಿಡಿದೆ. ಇಷ್ಟು ವರ್ಷಗಳಲ್ಲಿ ಆ ಕೆಲಸಕ್ಕೆ ಚೇಚಿ ಯಾರನ್ನೂ ಕರೆದಿರಲಿಲ್ಲ.