ಎರಡು ದಿನ ಮೊದಲೇ ತೀರಿದ ಸಾಲ

ಚಾಲೈ ಬೀದಿಯ ಅಕ್ಕಿ ಅಂಗಡಿಯೊಂದರ ಮಾಳಿಗೆಯಲ್ಲಿ ಎಂಟು ಹೊಲಿಗೆ ಯಂತ್ರಗಳನ್ನಿಟ್ಟುಕೊಂಡು ಸುಶೀಲ ಹದಿನಾಲ್ಕು ವರ್ಷ ಶಾಲಾ ಸಮವಸ್ತ್ರ ಹೊಲಿಸಿದಳು. ಕುಂಬಳೆಯಿಂದ ಮದುವೆಯಾಗಿ ತಿರುವನಂತಪುರಕ್ಕೆ ಬಂದವಳು. ಗಂಡ ತೀರಿಕೊಂಡ ಮೇಲೆ, ಹಿಂದೆ ಓದಿದ್ದ ಬಿ.ಕಾಂ. ಮತ್ತು ಬ್ಯಾಂಕಿನ ಸಾಲ ಎರಡೂ ಕೈಹಿಡಿದವು. ಒಂದೇ ಒಂದು ಕಂತೂ ತಡವಾಗಿರಲಿಲ್ಲ.

ಬ್ಯಾಂಕಿನ ಮ್ಯಾನೇಜರ್ ಗಣೇಶಪ್ರಸಾದ್ ಅವಳ ಊರಿನ ಕಡೆಯವನೇ. ಆ ನಗರದಲ್ಲಿ ಅವಳು ಕನ್ನಡದಲ್ಲಿ ವ್ಯವಹಾರ ಮಾತಾಡಬಹುದಾದ ಮೇಜು ಅದೊಂದೇ. ೨೦೨೦ರ ಫೆಬ್ರವರಿಯಲ್ಲಿ ಅವನಿಗೆ ಕೊಚ್ಚಿಯ ವೈಟ್ಟಿಲ ಶಾಖೆಗೆ ವರ್ಗವಾಯಿತು. ಹೊರಡುವ ವಾರ ಅವಳನ್ನು ಕರೆಸಿಕೊಂಡ.

“ಸುಶೀಲಕ್ಕ, ಉಳಿದದ್ದು ಮೂರೂವರೆ ಲಕ್ಷ ಅಲ್ವಾ? ಕ್ಲೋಸ್ ಮಾಡಿಬಿಡಿ. ಸುಮ್ಮನೆ ಬಡ್ಡಿ ಕಟ್ಟುದು ಎಂತಕ್ಕೆ? ಬೇಕಾದಾಗ ಹೊಸತು ವಾರದಲ್ಲಿ ಆಗ್ತದೆ.”

“ನೀವು ಹೋದ ಮೇಲೆ ಇಲ್ಲಿ ನನ್ನನ್ನು ಕೇಳುವವರು ಯಾರುಂಟು?”

“ನಾನು ಸಾಯ್ಲಿಕ್ಕೆ ಹೋಗುದಲ್ಲ ಮಾರಾಯ್ರೆ, ವೈಟ್ಟಿಲಕ್ಕೆ ಹೋಗುದು!”

ಇಬ್ಬರೂ ನಕ್ಕರು. ಮಗಳು ಶ್ರಾವ್ಯಳ ಕಾಲೇಜಿಗೆಂದು ಇಟ್ಟಿದ್ದ ಠೇವಣಿಯನ್ನು ಒಡೆದು, ಇಪ್ಪತ್ತೇಳನೆಯ ತಾರೀಕು ಗುರುವಾರ, ಸುಶೀಲ ಸಾಲ ತೀರಿಸಿದಳು.

ತಿಂಗಳು ಕಳೆಯುವುದರೊಳಗೆ ಊರಿಗೆ ಊರೇ ಬಾಗಿಲು ಹಾಕಿತು. ಶಾಲೆ ಇಲ್ಲದ ಮೇಲೆ ಸಮವಸ್ತ್ರ ಯಾರಿಗೆ? ಆದರೂ ತನ್ನಲ್ಲಿ ದುಡಿಯುವ, ತನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುವ ಎಂಟು ಹೆಂಗಸರಿಗೂ ಅವಳು ಫೋನಿನಲ್ಲಿ ಒಂದೇ ಮಾತು ಹೇಳಿದಳು: “ಯಾರೂ ಬೇರೆ ಕೆಲಸ ಹುಡುಕಬೇಡಿ. ಬ್ಯಾಂಕಿನಲ್ಲಿ ನನ್ನ ಹೆಸರು ಚೆನ್ನಾಗಿದೆ. ಅರ್ಧ ಕೂಲಿಯನ್ನಾದರೂ ಕೊಟ್ಟೇ ಕೊಡುತ್ತೇನೆ.” ಹನ್ನೊಂದು ವರ್ಷದಿಂದ ಕತ್ತರಿ ಹಿಡಿದಿದ್ದ ರತ್ನ ಆ ಮಾತನ್ನು ನಂಬಿ, ಮಾಸ್ಕ್ ಹೊಲಿಯುವ ಕಾರ್ಖಾನೆಯಿಂದ ಬಂದ ಕರೆಯನ್ನು ಬೇಡವೆಂದಳು.

ಅಷ್ಟರಲ್ಲಿ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ತುರ್ತು ಸಾಲ ಘೋಷಣೆಯಾಯಿತು. ಅಡವು ಬೇಡ, ಸರ್ಕಾರವೇ ಜಾಮೀನು. ಇರುವ ಸಾಲದ ಬಾಕಿಯ ಮೇಲೆ ಶೇಕಡಾ ಇಪ್ಪತ್ತು. ಶ್ರಾವ್ಯ ಮೊಬೈಲಿನಲ್ಲಿ ಓದುತ್ತ ಹೋದವಳು ಒಂದು ಸಾಲಿನ ಬಳಿ ನಿಂತಳು. ಬಾಕಿಯನ್ನು ನೋಡುವುದು ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಇದ್ದಂತೆ.

“ನಮಕ್ಕ್ ಲೋನ್ ಇಲ್ಲಲ್ಲೋ ಅಮ್ಮೇ,” ಎಂದಳು ಮಲಯಾಳದಲ್ಲೇ; ನಮಗೆ ಸಾಲವೇ ಇಲ್ಲವಲ್ಲ.

ಎರಡು ದಿನ. ಸಾಲ ಉಳಿಸಿಕೊಂಡಿದ್ದರೆ ಎಪ್ಪತ್ತು ಸಾವಿರ ಸಿಗುತ್ತಿತ್ತು; ಎಂಟು ಮಂದಿಗೆ ಹೆಚ್ಚುಕಡಿಮೆ ಮೂರು ತಿಂಗಳ ಅರ್ಧ ಕೂಲಿ.

ಹೊಸ ಮ್ಯಾನೇಜರ್ ಸುಮಿತ್ರ ಕಡತ ತಿರುವಿ ನೋಡಿ ಮರುಗಿದಳು. “ಇಷ್ಟು ಒಳ್ಳೆಯ ಖಾತೆಯನ್ನು ಯಾಕೆ ಮುಚ್ಚಿದಿರಿ? ಬ್ಯಾಂಕೇ ಹೇಳಿದ್ದರಿಂದ ಮುಚ್ಚಿದ್ದು ಅಂತ ಹಿಂದಿನ ಮ್ಯಾನೇಜರು ಒಂದು ಪತ್ರ ಕೊಡಲಿ. ಹೊಸ ಸಾಲಕ್ಕೆ ನಾನು ಮೇಲಿನವರಿಗೆ ಶಿಫಾರಸು ಮಾಡುತ್ತೇನೆ.”

ಅಕ್ಟೋಬರಿನಲ್ಲಿ ಬಸ್ಸು ಹಿಡಿದು ಸುಶೀಲ ವೈಟ್ಟಿಲಕ್ಕೆ ಹೋದಳು. ಗಣೇಶಪ್ರಸಾದ್ ಕುರ್ಚಿಯಿಂದ ಎದ್ದುಬಂದು, ಮಾಸ್ಕಿನೊಳಗಿಂದಲೇ ಉಪಚಾರ ಮಾಡಿದ. ಪತ್ರದ ಮಾತು ಬಂದಾಗ ಹೋಗಿ ಕುಳಿತುಕೊಂಡ.

“ಅದು ಕಷ್ಟ ಅಕ್ಕ.”

“ಸುಳ್ಳು ಬರೆಯಿರಿ ಅಂತ ಹೇಳುದಲ್ಲ ನಾನು. ನೀವು ಹೇಳಿದ್ದನ್ನೇ ಬರೆಯಿರಿ.”

“ಬರೆದರೆ, ಯಾಕೆ ಕ್ಲೋಸ್ ಮಾಡಿಸಿದ್ದು ಅಂತ ಆಡಿಟ್‌ನವರು ಕೇಳ್ತಾರೆ. ನಿಮ್ಮ ಫೈಲಿನಲ್ಲಿ ಎರಡು ವರ್ಷದ ತಪಾಸಣಾ ವರದಿಯೇ ಇಲ್ಲ. ಮೆಷಿನ್ ನೋಡ್ಲಿಕ್ಕೆ ನಾನು ಮೇಲೆ ಹತ್ತಿ ಬಂದದ್ದುಂಟಾ? ಇಲ್ಲ. ನಮ್ಮವರಲ್ವಾ ಅಂತ ಬಿಟ್ಟದ್ದು. ಹೊಸಬರಿಗೆ ಚಾರ್ಜ್ ಕೊಡುವಾಗ ನಿಮ್ಮ ಲೋನ್ ಓಪನ್ ಇದ್ದರೆ ನನ್ನ ತಲೆಗೇ ಬರ್ತಿತ್ತು.”

ಹೇಳಿ ಮುಗಿಸಿದ ಮೇಲಷ್ಟೇ ತಾನೇನು ಹೇಳಿದೆನೆಂದು ಅವನಿಗೆ ಹೊಳೆದಿರಬೇಕು. ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಸುಶೀಲ ಸರ್ಕಾರವನ್ನು ಕ್ಷಮಿಸಬಲ್ಲವಳಾಗಿದ್ದಳು. ಸರ್ಕಾರಕ್ಕೆ ಅವಳ ಮುಖದ ಗುರುತಿರಲಿಲ್ಲ.

“ಹಾಗಾದರೆ ಬಡ್ಡಿ ಉಳಿಯುತ್ತದೆ ಅಂದದ್ದು?”

“ಅದೂ ಸುಳ್ಳಲ್ಲ, ಅಕ್ಕ. ಒಂದು ಕೆಲಸ ಮಾಡುವ. ಇಲ್ಲಿ ಆಶಿಶ್ ಅಂತ ನಮ್ಮ ಕಸ್ಟಮರ್ ಒಬ್ಬ ಇದ್ದಾನೆ, ಬ್ಯಾಗ್ ಹೊಲಿಸುವವ. ಆ ಇಪ್ಪತ್ತು ಪರ್ಸೆಂಟ್ ಅವನಿಗೆ ಸಿಕ್ಕಿದೆ, ಈಗ ಮೆಷಿನ್ ಹುಡುಕ್ತಾ ಇದ್ದಾನೆ. ನಿಮಗೆ ಒಳ್ಳೆಯ ರೇಟು ಕೊಡಿಸ್ತೇನೆ.”

“ಅವರು ಕಂತು ಸರಿಯಾಗಿ ಕಟ್ಟುವವರಾ?”

“ಅವನಾ? ಪ್ರತಿ ತಿಂಗಳೂ ನಾನು ನಾಲ್ಕು ಸಲ ಫೋನ್ ಮಾಡಬೇಕು!” ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮಾಳಿಗೆಯ ಬಾಡಿಗೆ ಏಳು ತಿಂಗಳಿನದು ಬಾಕಿ ನಿಂತಿತ್ತು. ಯೋಚಿಸಲು ಅವಳು ಒಂದು ವಾರ ತೆಗೆದುಕೊಂಡಳು. ಮಂಗಳವಾರ ಆಶಿಶನ ವ್ಯಾನು ಚಾಲೈಗೆ ಬಂತು. ಐದು ಯಂತ್ರಗಳು ಕಿರಿದಾದ ಮೆಟ್ಟಿಲಿನಲ್ಲಿ ಒಂದೊಂದಾಗಿ ಇಳಿದವು. ವ್ಯಾನು ಇನ್ನೂ ಬೀದಿ ದಾಟಿರಲಿಲ್ಲ, ಗಣೇಶಪ್ರಸಾದನ ಫೋನು ಬಂತು.

“ರೇಟು ಸರಿಯಾಯ್ತಲ್ಲ ಸುಶೀಲಕ್ಕ? ಒಂದೊಂದಕ್ಕೆ ಐನೂರು ಜಾಸ್ತಿ ಹಾಕಿಸಿದ್ದು ನಾನೇ.”

“ಉಪಕಾರ ಆಯ್ತು. ಇನ್ನು ನನಗೆ ಫೋನ್ ಮಾಡಬೇಡಿ.”

“ಎಂತ ಅಕ್ಕ, ತಮಾಷೆಯಾ?”

“ಅಲ್ಲ,” ಎಂದು ಫೋನಿಟ್ಟಳು.

ಎಂಟು ಮಂದಿ ಹೆಂಗಸರೂ ಬಂದಿದ್ದರು. ಯಂತ್ರಗಳಿದ್ದ ಕಡೆ ನೆಲದ ಮೇಲೆ ಐದು ಬಿಳಿ ಚೌಕಗಳು ಉಳಿದಿದ್ದವು. ಯಾರೂ ಅವುಗಳ ಮೇಲೆ ಕಾಲಿಡಲಿಲ್ಲ.

“ಮೂರು ಉಂಟಲ್ಲ ಚೇಚಿ,” ಎಂದಳು ರತ್ನ. “ಯಾರೆಲ್ಲ ಉಳಿಯುವುದು ಅಂತ ಹೇಳಿಬಿಡಿ.”

ಸುಶೀಲ ವೈಟ್ಟಿಲದಿಂದ ಬರುವ ದಾರಿಯುದ್ದಕ್ಕೂ, ಆಮೇಲೆ ವಾರವಿಡೀ, ಇದನ್ನೇ ಯೋಚಿಸಿದ್ದಳು. ಮನೆಯಲ್ಲಿ ಬೇರೆ ದುಡಿಮೆಯೇ ಇಲ್ಲದ ಮೂವರ ಹೆಸರು ಹೇಳಿದಳು. ರತ್ನಳ ಗಂಡನಿಗೆ ವಿಳಿಂಜದ ಬಂದರಿನಲ್ಲಿ ತಿಂಗಳ ಸಂಬಳವಿತ್ತು.

ರತ್ನ ಮೇಜಿನ ಮೇಲಿದ್ದ ತನ್ನ ಕತ್ತರಿಯನ್ನು ಕೈಗೆತ್ತಿಕೊಂಡಳು. ಜಗಳಕ್ಕೆ ನಿಂತಿದ್ದರೆ ಸುಶೀಲಳಿಗೆ ಹಗುರವಾಗುತ್ತಿತ್ತು.

“ಏಪ್ರಿಲಿನಲ್ಲಿ ಆ ಮಾಸ್ಕ್ ಕಾರ್ಖಾನೆಯವರು ಎರಡು ಸಲ ಕರೆದರು, ಚೇಚಿ,” ಎಂದಳು. “ಚೇಚಿ ಹೇಳಿದ್ದಾರಲ್ಲ ಅಂತ ನಾನು ಹೋಗಲಿಲ್ಲ.”

ಸುಶೀಲಳಿಗೆ ಒಂದು ಉತ್ತರ ಬಾಯಿಗೆ ಬಂತು: ಹೇಳುವಾಗ ತನ್ನ ಮಾತೇನೂ ಸುಳ್ಳಾಗಿರಲಿಲ್ಲ ಎಂದು. ವೈಟ್ಟಿಲದ ಮೇಜಿನಾಚೆಯಿಂದ ಅದೇ ಮಾತನ್ನು ಕೇಳಿ ಬಂದವಳು ಅವಳು. ಹೇಳದೆ, ತಲೆ ತಗ್ಗಿಸಿ ನಿಂತಳು. ರತ್ನ ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು.