ಹುಳುಮನೆಯಲ್ಲಿ ಆಮೆನ್ ನಿಂತುಹೋದ ಸಂಜೆ

ಎರಡು ವರ್ಷದ ಹಿಂದಿನ ಡಿಸೆಂಬರ್. ಕ್ರಿಸ್‌ಮಸ್‌ಗೆ ಇನ್ನೂ ಹತ್ತು ಹನ್ನೆರಡು ದಿನಗಳಿದ್ದವು. ತಮಿಳುನಾಡಿನ ಕಡೆ ಚಂಡಮಾರುತ ಎದ್ದಿದ್ದರಿಂದ ಶಿಡ್ಲಘಟ್ಟದಲ್ಲಿ ಮೂರು ದಿನದಿಂದ ಬಿಸಿಲೇ ಕಂಡಿರಲಿಲ್ಲ. ಜಿಟಿಜಿಟಿ ಹನಿ, ಮೈ ಕೊರೆಯುವ ಗಾಳಿ.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಭಾನುವಾರದ ಆರಾಧನೆ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಸಭೆಯವರು ನಡೆಸುವ ಮನೆ ಕೂಟಗಳಿಗೆ ಹೋಗಿ, ಬೈಬಲಿನ ವಾಕ್ಯ ಓದಿ ನಾಲ್ಕು ಮಾತು ಹೇಳಿ ಬರುತ್ತೇನೆ. ಆ ದಿನದ ಕೂಟ ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ, ರೇಷ್ಮೆ ಬೆಳೆಯುವ ಸಂತೋಷಮ್ಮನವರಲ್ಲಿ.

ನಮ್ಮ ಸಭೆಯ ರೇಷ್ಮೆ ಬೆಳೆಗಾರರಲ್ಲಿ ಒಂದು ಪದ್ಧತಿ ಇದೆ. ಹುಳು ಬಲಿತು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಏರುವ ಹಿಂದಿನ ದಿನ ಹುಳುಮನೆಯಲ್ಲೇ ಪ್ರಾರ್ಥನೆ ನಡೆಯಬೇಕು. ಮೊದಲು ಬಿಡಿಸಿದ ಗೂಡು ದೇವರ ಕಾಣಿಕೆ. ಬೇರೆ ದಿನಗಳಲ್ಲಿ ಹೊರಗಿನವರಿಗೆ ಹುಳುಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಹುಳುವಿಗೆ ರೋಗ ತಗುಲುತ್ತದೆಂಬ ಭಯ. ಅಂದು ಮಾತ್ರ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋಗಬಹುದು.

ನಾವು ಕಾಲು ಅದ್ದುತ್ತಿದ್ದಾಗ ಎದುರು ಮನೆಯ ಮುನಿರಾಜಣ್ಣ ಜಗಲಿಯಿಂದ ಕೂಗಿದರು. ಅವರೂ ರೇಷ್ಮೆಯವರೇ.

"ಟೀಚರಮ್ಮ, ಇವತ್ತಾದ್ರೂ ಸ್ವಲ್ಪ ಮೆತ್ತಗೆ ಹಾಡ್ರಮ್ಮ. ನಿಮ್ ದೇವ್ರಿಗೆ ಕಿವಿ ಏನಾದ್ರೂ ಮಂದಾನಾ?"

"ನಿನ್ ಕಿವಿಗೂ ಬೀಳ್ಲಿ ಅಂತಾನೇ ಜೋರಾಗಿ ಹಾಡೋದು ಕಣಪ್ಪಾ!" ಎಂದರು ಸಂತೋಷಮ್ಮ. ಎಲ್ಲರೂ ನಕ್ಕೆವು.

ಒಳಗೆ ಆರು ಜನ ಇದ್ದೆವು. ಸಂತೋಷಮ್ಮ, ಸೊಸೆ ಕರುಣಾ, ಎಂಬತ್ತು ದಾಟಿದ ಯೇಸಮ್ಮಜ್ಜಿ, ಊರಿನ ಇನ್ನಿಬ್ಬರು ಹೆಂಗಸರು, ನಾನು. ಗಂಡಸರು ಬಾಡಿಗೆ ಚಂದ್ರಿಕೆ ತರಲು ಹೋಗಿದ್ದರು. ಚಳಿಗೆ ಹುಳು ಮಂಕಾಗಬಾರದೆಂದು ಮೂರು ಕಬ್ಬಿಣದ ಬಾಣಲಿಗಳಲ್ಲಿ ಇದ್ದಿಲ ಕೆಂಡ ಇಟ್ಟಿದ್ದರು. ಕಿಟಕಿಗಳಿಗೆ ಗೋಣಿತಾಟು ಬಿಗಿದಿತ್ತು. ಬಾಗಿಲು ಮಾತ್ರ ಅರ್ಧ ತೆರೆದಿತ್ತು.

"ಕರುಣಾ, ಬಾಗ್ಲು ಹಾಕಮ್ಮ. ಹುಳಕ್ಕೆ ಗಾಳಿ ಹೊಡೀತಿದೆ. ಅಜ್ಜೀನೂ ನಡುಗ್ತಿದಾರೆ" ಎಂದೆ.

ಹಾಗೆ ಹೇಳಿದ್ದು ನಾನೇ. ಇದ್ದಿಲು ಗಾಳಿ ಸಾಲದೆ ಉರಿದಾಗ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಅನಿಲ ಹುಟ್ಟುತ್ತದೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳೂ ನಾನೇ. ಕರುಣಾ ಬಾಗಿಲು ಮುಚ್ಚಿ ಮೇಲಿನ ಚಿಲಕ ಹಾಕಿದಳು. ಆ ಚಿಲಕದ ಸದ್ದು ಈಗಲೂ ಪಾಠದ ನಡುವೆ, ಅಡುಗೆಯ ನಡುವೆ ನನಗೆ ಕೇಳಿಸುತ್ತದೆ.

ಎರಡು ಹಾಡು ಆದವು. ವಾಕ್ಯ ಓದಿ ಮಾತಾಡುವಾಗ ನನಗೆ ಸಣ್ಣಗೆ ತಲೆನೋವು ಶುರುವಾಯಿತು. ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ, ಅದಕ್ಕೇ ಎಂದುಕೊಂಡೆ. ಆಮೇಲೆ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದೆವು. ನಾನು ಬೆಳೆಗಾಗಿ, ಮನೆಗಾಗಿ, ಊರಿಗಾಗಿ ಒಂದೊಂದಾಗಿ ಪ್ರಾರ್ಥಿಸುತ್ತಾ ಹೋದೆ. ನಮ್ಮಲ್ಲಿ ಪ್ರತಿ ಮಾತಿಗೂ "ಆಮೆನ್", "ಸ್ತೋತ್ರ" ಎಂದು ಉಳಿದವರು ದನಿಗೂಡಿಸುತ್ತಾರೆ. ಮೊದಲು ಐದು ದನಿ ಕೇಳಿಸುತ್ತಿದ್ದವು. ಸ್ವಲ್ಪ ಹೊತ್ತಿಗೆ ಮೂರಾದವು. ಆಮೇಲೆ ಒಂದೇ. ಎಲ್ಲರ ಮನಸ್ಸೂ ಕರಗಿದೆ, ಮೌನವಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಕೊನೆಗೆ ನಾನು "ಆಮೆನ್" ಎಂದೆ. ಯಾರೂ ಹೇಳಲಿಲ್ಲ. ಹುಳುಗಳು ಸೊಪ್ಪು ತಿನ್ನುವ ಸದ್ದು ಮಾತ್ರ.

ಕಣ್ಣು ಬಿಟ್ಟೆ. ಸಂತೋಷಮ್ಮ ಹುಳುವಿನ ತಟ್ಟೆಗಳ ಸ್ಟ್ಯಾಂಡಿಗೆ ತಲೆ ಆನಿಸಿದ್ದರು. ಕರುಣಾ ಪಕ್ಕಕ್ಕೆ ವಾಲಿದ್ದಳು. ಅಜ್ಜಿ ನೆಲದ ಮೇಲೆ ಮುದುರಿಕೊಂಡಿದ್ದರು. ಆಗ, ಆಗಷ್ಟೇ, ನನ್ನ ಕಣ್ಣು ಬಾಣಲಿಗಳ ಮೇಲೆ ಬಿತ್ತು. ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಏಳಬೇಕೆಂದರೆ ಕಾಲು ನನ್ನದಾಗಿರಲಿಲ್ಲ. ಬಾಗಿಲು ನಾಲ್ಕೇ ಹೆಜ್ಜೆ. ತೆವಳಿದೆ. ಚಿಲಕ ಮೇಲಿತ್ತು, ಕೈ ಅಲ್ಲಿಯವರೆಗೆ ಏಳಲಿಲ್ಲ. ಎರಡು ಸಲ ಪ್ರಯತ್ನಿಸಿದೆ. ಕೂಗಿದರೆ ದನಿ ಹೊರಡಲಿಲ್ಲ. ಪಕ್ಕದಲ್ಲಿ ತಗಡಿನ ಬಕೆಟ್ ಇತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಅದನ್ನು ಬಾಗಿಲಿಗೆ ಒದ್ದೆ.

ಮುಂದಿನದನ್ನು ಮುನಿರಾಜಣ್ಣನೇ ಹೇಳಿದ್ದು. ಹಾಡು ನಿಂತು ಬಹಳ ಹೊತ್ತಾದರೂ ಮತ್ತೆ ಶುರುವಾಗಲಿಲ್ಲವಲ್ಲ ಎಂದು ಅವರು ಆಗಲೇ ಅಂಗಳಕ್ಕೆ ಇಳಿದಿದ್ದರಂತೆ. ಬಕೆಟ್ಟಿನ ಸದ್ದು ಕೇಳಿ ಬಾಗಿಲು ತಟ್ಟಿದರು. "ಸಂತೋಷಕ್ಕಾ! ಏಯ್, ಯಾರಾದ್ರೂ ಮಾತಾಡ್ರಮ್ಮಾ!" ಉತ್ತರವಿಲ್ಲ. ಹಾರೆ ತಂದು ಬಾಗಿಲು ಮೀಟಿ ಚಿಲಕ ಕಿತ್ತರು. ಮೂಗಿಗೆ ಟವೆಲ್ ಕಟ್ಟಿಕೊಂಡು ಒಬ್ಬೊಬ್ಬರನ್ನೇ ಹನಿಯುವ ಮಳೆಗೆ ಎಳೆದು ಹಾಕಿದರು. ಕಿಟಕಿಗಳನ್ನೂ ಒಡೆದರು.

ನನಗೆ ಮತ್ತೆ ನೆನಪಿರುವುದು ಕೆಸರಿನ ತಂಪು ಮತ್ತು ಸಂತೋಷಮ್ಮನ ದನಿ. ಓಡಿ ಬಂದವರಲ್ಲಿ ಯಾರೋ ಅಭ್ಯಾಸಬಲದಿಂದ "ಬಾಗ್ಲು ಹಾಕ್ರೋ, ಹುಳ ಹಾಳಾಗ್ತವೆ" ಎಂದರು. ಆಗಷ್ಟೇ ಕಣ್ಣು ಬಿಟ್ಟಿದ್ದ ಸಂತೋಷಮ್ಮ ವಾಂತಿ ಮಾಡಿಕೊಳ್ಳುತ್ತಲೇ ಕೂಗಿದರು: "ಹುಳ ಸತ್ರೆ ಸಾಯ್ಲಿ! ಅಜ್ಜಿ ಇನ್ನೂ ಒಳಗವ್ರೆ! ಎಲ್ಲಾ ತೆಗೀರೋ!"

ಅಜ್ಜಿಯನ್ನು ಕೊನೆಯದಾಗಿ ಹೊತ್ತು ತಂದರು. ಬಹಳ ಹೊತ್ತು ಅವರಿಗೆ ಎಚ್ಚರವಿರಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಕಣ್ಣು ತೆರೆದು "ಏಮಾಯ್ರಾ ನಾಯನಾ, ಪ್ರಾರ್ಥನ ಅಯಿಪೋಯಿಂದಾ?" ಎಂದು ತೆಲುಗಿನಲ್ಲಿ ಕೇಳಿದರು. ಪ್ರಾರ್ಥನೆ ಮುಗಿಯಿತಾ ಅಂತ. ನರ್ಸ್ ನಕ್ಕರು. ನಾನು ಗೋಡೆಯ ಕಡೆ ತಿರುಗಿಕೊಂಡು ಅತ್ತೆ.

ಆರೂ ಜನ ಬದುಕಿದೆವು. ಆದರೆ ಹಣ್ಣಾದ ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಮರುದಿನವೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ವ್ಯರ್ಥವಾಗುತ್ತದೆ. ಚಂದ್ರಿಕೆ ತಂದ ಗಂಡಸರೂ ಸೇರಿ ಆ ಮನೆಯವರೆಲ್ಲ ಆಸ್ಪತ್ರೆಯಲ್ಲಿ. ಹುಳುಮನೆಯ ಬಾಗಿಲಿಗೆ ಚಿಲಕವಿಲ್ಲ, ಕಿಟಕಿಗಳು ಒಡೆದಿವೆ. ಮುನಿರಾಜಣ್ಣ ಮತ್ತು ಅವರ ಹೆಂಡತಿ ರತ್ನಮ್ಮ ಹುಳುಗಳನ್ನೆಲ್ಲ ಆರಿಸಿ ಚಂದ್ರಿಕೆಗೆ ಬಿಟ್ಟು, ಆ ಚಂದ್ರಿಕೆಗಳನ್ನು ತಮ್ಮ ಹುಳುಮನೆಯಲ್ಲೇ ಇಟ್ಟರು. ಅಲ್ಲಿ ಅವರ ಸ್ವಂತ ಹುಳು ಇನ್ನೂ ಎಳೆಯದು, ಮೂರನೇ ಸಲ ಪೊರೆ ಬಿಡುವ ಹಂತದಲ್ಲಿತ್ತು. ಪರರ ಹುಳುವನ್ನು ಅಂಥ ಹೊತ್ತಿನಲ್ಲಿ ಒಳಗೆ ಬಿಟ್ಟುಕೊಳ್ಳುವ ಬೆಳೆಗಾರರನ್ನು ನಾನು ಹಿಂದೆ ಕಂಡಿರಲಿಲ್ಲ.

"ರೋಗ ಗೀಗ ಬಂದಿದ್ರೆ ಏನ್ಮಾಡ್ತಿದ್ರಿ ರತ್ನಮ್ಮಾ?" ಎಂದು ಆಮೇಲೆ ಕೇಳಿದೆ.

"ಅಯ್ಯೋ, ಅಷ್ಟೆಲ್ಲಾ ಯೋಚ್ನೆ ಮಾಡ್ತಾ ಕೂತಿದ್ರೆ ಹುಳ ಉಳೀತಿತ್ತಾ ಟೀಚರೇ?" ಎಂದರು, ಸೊಪ್ಪು ಕತ್ತರಿಸುವುದನ್ನು ನಿಲ್ಲಿಸದೆ.

ಅವರ ಬೆಳೆಯಲ್ಲಿ ಒಂದಷ್ಟಕ್ಕೆ ನಿಜವಾಗಿಯೂ ಸುಣ್ಣಕಟ್ಟು ರೋಗ ಬಂತು. ಆ ಚಳಿಯಿಂದಲೋ, ನಮ್ಮವರ ಹುಳುವಿನಿಂದಲೋ ಯಾರಿಗೂ ಗೊತ್ತಿಲ್ಲ. ಅವರು ಆ ಮಾತನ್ನು ಎತ್ತಲೇ ಇಲ್ಲ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಮನೆಯ ಮಾಳಿಗೆ ಒಡೆದು ಯೇಸುವಿನ ಮುಂದೆ ಇಳಿಸಿದ ಸುವಾರ್ತೆಯ ಕಥೆಯನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಆ ನಾಲ್ವರ ನಂಬಿಕೆಯನ್ನು ಹೊಗಳಿದ್ದೇನೆ. ಮಾಳಿಗೆ ಒಡೆಸಿಕೊಂಡ ಮನೆಯವನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಈಗ ಯೋಚಿಸುತ್ತೇನೆ.

ಕ್ರಿಸ್‌ಮಸ್ ಆರಾಧನೆಯಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ನನ್ನನ್ನು ಕರೆದರು. ಬಾಗಿಲು ಮುಚ್ಚಿಸಿದ್ದು ನಾನು ಎಂದು ಶುರುಮಾಡಿದೆ. ಮುಂದೆ ಕೂತಿದ್ದ ಸಭೆಯ ಹಿರಿಯರೊಬ್ಬರು ಮೆಲ್ಲಗೆ, "ಅದೆಲ್ಲಾ ಯಾಕಮ್ಮ? ದೇವ್ರು ಕಾಪಾಡಿದ, ಸ್ತೋತ್ರ ಅಂದ್ಬಿಟ್ಟು ಕೂತ್ಕೊ" ಎಂದರು.

"ದೇವ್ರು ಕಾಪಾಡಿದ್ದು ನಿಜ ಅಯ್ಯಾ. ನಾನು ಬಾಗ್ಲು ಮುಚ್ಚಿಸಿದ್ದೂ ನಿಜ. ಎರಡನ್ನೂ ಹೇಳಿಯೇ ಕೂತ್ಕೋತೀನಿ" ಎಂದೆ. ಕೆಂಡದ ವಿಷಯ, ಅನಿಲದ ವಿಷಯ, ತಲೆನೋವು ಬಂದರೆ ಮೊದಲು ಏನು ಮಾಡಬೇಕೆಂಬುದು, ಎಲ್ಲವನ್ನೂ ಪಾಠ ಮಾಡಿದ ಹಾಗೆ ಹೇಳಿದೆ.

ಅಂದಿನಿಂದ ಪ್ರತಿ ಚಳಿಗಾಲ ರಜೆಯ ದಿನಗಳಲ್ಲಿ ಹುಳುಮನೆಗಳ ಹೊಸ್ತಿಲಾಚೆ ನಿಂತು ಅದನ್ನೇ ಹೇಳುತ್ತೇನೆ. ಕೆಲವರು ಕೇಳುತ್ತಾರೆ. ಕೆಲವರು "ತಾತನ ಕಾಲ್ದಿಂದ ಇಡ್ತಿದೀವಿ ಬಿಡ್ರೀ" ಎನ್ನುತ್ತಾರೆ. ಮುಂದಿನ ವಾರ ಮತ್ತೆ ಹೋಗುತ್ತೇನೆ. ಕೂಟಗಳಿಗೂ ಹೋಗುತ್ತೇನೆ, ನಿಲ್ಲಿಸಿಲ್ಲ. ಎಷ್ಟೇ ಚಳಿಯಿರಲಿ, ಒಂದು ಕಿಟಕಿ ತೆರೆದ ಮೇಲೇ ವಾಕ್ಯ ಓದುವುದು. ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದಾಗ ನಾನೊಬ್ಬಳು ಕಣ್ಣು ತೆರೆದೇ ಪ್ರಾರ್ಥಿಸುತ್ತೇನೆ, ಒಂದೊಂದು ಮುಖವನ್ನೂ ನೋಡುತ್ತಾ.