ರಜಾ ಚೀಟಿ

ಶಿರಸಿಗೆ ವರ್ಗವಾಗಿ ಬರುವ ಮುಂಚೆ ನಾನು ಯಲ್ಲಾಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ನನ್ನ ಪಿರಿಯಡ್ಡಿನಲ್ಲಿ ಕನ್ನಡದಲ್ಲಿ ಬಾಯಿ ತೆರೆದರೆ ಬೆಂಚಿನ ಮೇಲೆ ನಿಲ್ಲಬೇಕಿತ್ತು. ನೀರಿಗೆ ಹೋಗಲೂ ಇಂಗ್ಲಿಷೇ, ರಜೆ ಕೇಳಲೂ ಇಂಗ್ಲಿಷಿನದೇ ಚೀಟಿ. ಈ ಕಟ್ಟುನಿಟ್ಟಿಗೆ ಊರಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಅದು ತಲೆಗೂ ಏರಿತ್ತು.

ಆ ವಾರ ‘ಕಿಕ್ ದ ಬಕೆಟ್’ ಕಲಿಸಿದ್ದೆ. ಸಾಯುವುದಕ್ಕೆ ಇಂಗ್ಲಿಷಿನವರು ಆಡುವ ತಮಾಷೆಯ ಮಾತು. ನಮ್ಮಲ್ಲಿ ‘ಗೊಟಕ್ ಅಂದ’ ಎನ್ನುವುದಿಲ್ಲವೇ, ಹಾಗೆ. ‘ಬಕೀಟು’ ಅಲ್ಲ, ಬಕೆಟ್. ‘ಕಿಕ್ಕೆಡ್’ ಅಲ್ಲ, ಕಿಕ್ಟ್. ಬರೆಯುವಾಗ ಮಾತ್ರ ಕೊನೆಗೆ ಇ, ಡಿ. ಭೂತ, ವರ್ತಮಾನ, ಭವಿಷ್ಯತ್ ಮೂರರಲ್ಲೂ ಮಕ್ಕಳಿಂದ ಒದೆಸಿದೆ. ಮರುದಿನವೇ ಇಬ್ಬರು ಕಿಡಿಗೇಡಿಗಳು ಗಟ್ಟಿಮುಟ್ಟಾಗಿದ್ದ ಅಜ್ಜಂದಿರನ್ನು ಹಾಗೆ ಸಾಯಿಸಿ ರಜೆ ಕೇಳಿದರು. ಬೈದು ಕಳಿಸಿದೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕೆ.

ಅದರ ಮರುದಿನ ಮೊದಲ ಪಿರಿಯಡ್ಡಿಗೆ, ಲಾರಿ ಡ್ರೈವರೊಬ್ಬರ ಮಗಳು ಬಾಗಿಲಲ್ಲಿ ನಿಂತು ಚೀಟಿ ನೀಡಿದಳು. ಅಪ್ಪ ಬಕೆಟ್ ಒದ್ದಿದ್ದಾನೆ, ರಜೆ ಬೇಕು. ಒಂದೂ ತಪ್ಪಿರಲಿಲ್ಲ.

“ಸರ್, ಮನ್ಯಾಗ...”

“ಇಂಗ್ಲಿಷ್,” ಎಂದೆ.

ತಡಕಾಡಿ, ಚೀಟಿಯಲ್ಲಿದ್ದ ಅದೇ ವಾಕ್ಯವನ್ನು ಹೇಳಿದಳು. ಉಚ್ಚಾರವೂ ಸರಿಯಿತ್ತು. ತರಗತಿ ಗೊಳ್ಳೆಂದು ನಕ್ಕಿತು. ನನಗೆ ಪಿತ್ತ ನೆತ್ತಿಗೇರಿತು. ವರಾಂಡದಲ್ಲಿ ಕೂರಿಸಿ, ‘ನಾನು ಸುಳ್ಳು ಹೇಳುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಇನ್ನೂರು ಸಲ ಬರೆ ಎಂದೆ. ಮುಗಿಯುವ ತನಕ ಏಳುವಂತಿಲ್ಲ. ಅವಳು ಅಳುತ್ತ ಬರೆಯುವುದನ್ನು ಹೋಗುತ್ತ ಬರುತ್ತ ನೋಡಿದೆ. ಸಿಕ್ಕಿಬಿದ್ದದ್ದಕ್ಕೆ ಅಳು ಎಂದುಕೊಂಡೆ.

ಮಧ್ಯಾಹ್ನ ಬಿಸಿಯೂಟದ ಅಕ್ಕಿ ಯಾಕೆ ಬಂದಿಲ್ಲವೆಂದು ಜವಾನನನ್ನು ಕೇಳಿದೆ.

“ಲಾರಿಯವ್ರೆಲ್ಲ ಮಣ್ಣಿಗೆ ಹೋಗ್ಯಾರ್ರಿ ಸರ್. ಅವ್ರ ಪೈಕಿ ಒಬ್ಬ ಡ್ರೈವರ್ ನಿನ್ನೆ ಹುಬ್ಬಳ್ಳಿ ಆಸ್ಪತ್ರ್ಯಾಗ ತೀರ್ಕೊಂಡ.”

ವರಾಂಡಕ್ಕೆ ಓಡಿದೆ. ಇನ್ನೂ ಒಂದು ಪುಟ ಬಾಕಿಯಿತ್ತು. ಯಾಕೆ ಹೇಳಲಿಲ್ಲ ಎಂದು, ನಾಚಿಕೆ ಬಿಟ್ಟು, ಕನ್ನಡದಲ್ಲಿ ಕೇಳಿದೆ.

“ಹೇಳಿದ್ನಲ್ರಿ ಸರ್.”

ಹೆಣ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ರಜೆ ಕೇಳಿ ಬಾ, ಮೇಷ್ಟ್ರು ಬಹಳ ಸ್ಟ್ರಿಕ್ಟು ಎಂದು ಮನೆಯವರೇ ಕಳಿಸಿದ್ದರಂತೆ. ನಿಜವಾದ ಸಾವಿಗೆ ಆ ಮಾತು ಬಳಸಬಾರದೆಂದು ನಾನು ತರಗತಿಯಲ್ಲಿ ಹೇಳಿಯೇ ಇರಲಿಲ್ಲ.

ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಗಂಡಸರು ಆಗಲೇ ಕಬರಸ್ತಾನದಿಂದ ಹಿಂದಿರುಗಿ ಅಂಗಳದಲ್ಲಿ ಕುಳಿತಿದ್ದರು. ಅವಳು ಒಳಗೆ ಓಡಿದಳು. ಆಮೇಲೆ ಒಳಗಿನಿಂದ ಕೇಳಿದ ಅಳು ನನ್ನ ಕಿವಿಯಿಂದ ಹೋಗಿಲ್ಲ, ಹೋಗಲೂಬಾರದು. ಅವಳ ಚಿಕ್ಕಪ್ಪ ಎದ್ದು ನನ್ನ ಕಡೆಗೆ ಬಂದರು. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನನಗೊಂದು ಕುರ್ಚಿ ಎಳೆದು ಹಾಕಿದರು.

“ಅಪ್ಪನ ಮುಖ ನೋಡ್ಲಿ ಅಂತ ಭಾಳ ಹೊತ್ತು ಕಾದ್ವಿ ಸರ್,” ಎಂದರು. “ರಜಾ ಸಿಗಲಿಲ್ಲೇನೋ ಅಂದ್ಕೊಂಡು ಎತ್ತಿಬಿಟ್ವಿ.”